ತಾಯಿ ಚಿಟ್ಟೆಯನ್ನು ಅರೆದು ನೋಡುವವರು ಯಾರು?

ಮಳವಳ್ಳಿ ತಾಲ್ಲೂಕಿನ ನಮ್ಮ ಊರಿನಲ್ಲಿ ರೇಷ್ಮೆ ಹುಳು ಸಾಕುವ ಮನೆಯೊಳಗೆ ಯಾರೂ ಸುಮ್ಮನೆ ಕಾಲಿಡುವಂತಿರಲಿಲ್ಲ. ಹೊಸ್ತಿಲ ಬಳಿ ಸುಣ್ಣಕ್ಕೆ ಬ್ಲೀಚಿಂಗ್ ಪೌಡರ್ ಬೆರೆಸಿ ಹರಡಿದ ಗೋಣಿತಾಟು ಇರುತ್ತಿತ್ತು. ಅದರ ಮೇಲೆ ಕಾಲೊತ್ತಿ, ಪಕ್ಕದ ಬಕೆಟ್ಟಿನ ನೀರಿನಲ್ಲಿ ಕೈ ತೊಳೆದ ಮೇಲೆಯೇ ಒಳಗೆ ಪ್ರವೇಶ. ನೆಂಟರೇ ಬಂದರೂ ಅವ್ವ ಬಾಗಿಲಿಗೆ ಅಡ್ಡ ನಿಂತು, "ಅಲ್ಲೇ ಇರಣ್ಣ, ಹುಳ ಜ್ವರಕ್ಕೆ ಕುಂತವೆ" ಎನ್ನುತ್ತಿದ್ದಳು. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಪೇಟೆಯಿಂದ ಬಂದವರು ಅದನ್ನು ಕೇಳಿ ಗಾಬರಿಯಾಗುತ್ತಿದ್ದುದೂ ಉಂಟು. ಮುಂದೆ ಸೂಕ್ಷ್ಮಜೀವಿಶಾಸ್ತ್ರ ಓದಲು ಮೈಸೂರಿಗೆ ಬಂದು, ಪ್ರಯೋಗಾಲಯದ ಜೈವಿಕ ಸುರಕ್ಷತೆಯ ನಿಯಮಗಳನ್ನು ಮೊದಲ ಸಲ ಪುಸ್ತಕದಲ್ಲಿ ನೋಡಿದಾಗ, ಇವೆಲ್ಲ ಅವ್ವನ ಮಾತುಗಳೇ ಅಲ್ಲವೇ ಎನ್ನಿಸಿತ್ತು.

ಈಗ ಅದೇ ಪಾಠವನ್ನು ನಾನು ಕಾಲೇಜಿನಲ್ಲಿ ಹೇಳುತ್ತೇನೆ. ರೋಗಾಣುವಿನಿಂದ ಮನುಷ್ಯನನ್ನು ಕಾಯುವುದು ಜೈವಿಕ ಸುರಕ್ಷತೆ, ಕೇಡು ಬಗೆಯುವ ಮನುಷ್ಯನ ಕೈಗೆ ರೋಗಾಣು ಸಿಗದಂತೆ ಕಾಯುವುದು ಜೈವಿಕ ಭದ್ರತೆ ಎಂಬ ವ್ಯತ್ಯಾಸವನ್ನು ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ. ರೋಗಾಣುಗಳನ್ನು ಅಸ್ತ್ರವಾಗಿಸಬಾರದೆಂದು ದೇಶದೇಶಗಳು ಮಾಡಿಕೊಂಡ ಒಪ್ಪಂದದ ಮಾತು ಬಂದಾಗ ಮಾತ್ರ ಅವರ ಕಣ್ಣು ಕಿಟಕಿಯ ಕಡೆ ಹೋಗುತ್ತದೆ. ಅಂಥ ಹೊತ್ತಿನಲ್ಲಿ ನಾನು ಹೇಳುವ ಕಥೆಯೊಂದಿದೆ. ಅದು ನಮ್ಮ ಮನೆಯದೇ, ಹೆಮ್ಮೆ ಪಡುವಂಥದ್ದಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳೆ ಕೊನೆಯ ಜ್ವರದಿಂದ ಎದ್ದು ನಾಲ್ಕು ದಿನ ಚೆನ್ನಾಗಿಯೇ ಸೊಪ್ಪು ತಿಂದಿತು. ಐದನೆಯ ದಿನ ಬೆಳಗ್ಗೆ ಕೆಲವು ಹುಳುಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಸುತ್ತತೊಡಗಿದವು. ಮೈ ಊದಿಕೊಂಡು ಹಳದಿಯಾಗಿತ್ತು. ಬೆರಳು ತಾಕಿದರೆ ಚರ್ಮ ಒಡೆದು ಹಾಲಿನಂಥ ರಸ ಜಿನುಗುತ್ತಿತ್ತು. ಹಾಲು ರೋಗ. ಅಪ್ಪ ಯಾರಿಗೂ ಹೇಳಲಿಲ್ಲ. ಹೇಳಿದರೆ ಉಳಿದ ಗೂಡಿಗೂ ಬೆಲೆ ಬೀಳುತ್ತದೆ, ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ ಎಂಬ ಭಯ. ಆ ರಾತ್ರಿ ಸತ್ತ ಹುಳುಗಳನ್ನು ಕಸದ ಸಮೇತ ಮಂಕರಿಗೆ ತುಂಬಿ ಬೇಲಿಯಾಚೆಯ ತಿಪ್ಪೆಗೆ ಸುರಿದರು. ನಾನು ಲಾಟೀನು ಹಿಡಿದಿದ್ದೆ. ಅವನ್ನು ಸುಟ್ಟು ಇಲ್ಲವೇ ಸುಣ್ಣ ಹಾಕಿ ಹೂಳಬೇಕು ಎಂಬುದು ಅಪ್ಪನಿಗೆ ಗೊತ್ತಿರಲಿಲ್ಲ ಎಂದಲ್ಲ, ಹೊಗೆ ಕಂಡರೆ ಊರಿಗೆ ತಿಳಿಯುತ್ತಿತ್ತು. ವಾರ ಕಳೆಯುವುದರೊಳಗೆ ಪಕ್ಕದ ಮನೆಯವರ ಬೆಳೆಯೂ ಹೋಯಿತು. ನಮ್ಮ ತಿಪ್ಪೆಯಿಂದಲೇ ಹೋಯಿತೋ, ಸೊಪ್ಪಿನಿಂದ ಬಂತೋ ಎಂದು ಯಾರೂ ಪರೀಕ್ಷಿಸಲಿಲ್ಲ, ಯಾರೂ ಕೇಳಲೂ ಇಲ್ಲ.

ಈ ಘಟನೆಯನ್ನು ಹೇಳಿದ ಮೇಲೆ ನಾನು ಸ್ವೆರ್ಡ್ಲೋವ್‌ಸ್ಕ್ ಎಂಬ ಊರಿನ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ರಷ್ಯಾದ ಉರಲ್ ಪರ್ವತಗಳ ಮಗ್ಗುಲಿನ ಆ ನಗರಕ್ಕೆ ಈಗ ಯೆಕಟೆರಿನ್‌ಬರ್ಗ್ ಎಂದು ಹೆಸರು. 1979ರ ಏಪ್ರಿಲ್ ಮೊದಲ ವಾರದಲ್ಲಿ ಅಲ್ಲಿನ ಸೇನಾ ಘಟಕವೊಂದರಿಂದ, ದನ ಕುರಿಗಳಿಗೂ ಮನುಷ್ಯರಿಗೂ ಬರುವ ಆಂಥ್ರಾಕ್ಸ್ ರೋಗದ ಬೀಜಕಗಳು ಗಾಳಿಗೆ ಸೇರಿ, ಕನಿಷ್ಠ 66 ಮಂದಿ ಸತ್ತರು. ಜೈವಿಕ ಅಸ್ತ್ರ ನಿಷೇಧ ಒಪ್ಪಂದ ಜಾರಿಗೆ ಬಂದು ಆಗಲೇ ನಾಲ್ಕು ವರ್ಷವಾಗಿತ್ತು, ಮತ್ತು ಸೋವಿಯತ್ ಒಕ್ಕೂಟವು ಅದಕ್ಕೆ ಸಹಿ ಹಾಕಿದ ದೇಶ ಮಾತ್ರವಲ್ಲ, ಅದರ ಮೂಲ ಪ್ರತಿಯನ್ನು ಜೋಪಾನವಾಗಿಡುವ ಹೊಣೆ ಹೊತ್ತ ಮೂರು ದೇಶಗಳಲ್ಲೂ ಒಂದಾಗಿತ್ತು. ಸರ್ಕಾರವು ಕೆಟ್ಟ ಮಾಂಸ ತಿಂದು ಜನ ಸತ್ತರೆಂದು ಹೇಳಿತು, ಹದಿಮೂರು ವರ್ಷ ಅದನ್ನೇ ಹೇಳುತ್ತಾ ಬಂತು. ಗುಪ್ತಚರ ಸಂಸ್ಥೆ ಆಸ್ಪತ್ರೆಯ ದಾಖಲೆಗಳನ್ನು ಒಯ್ದಿತು. ಆದರೆ ಶವಪರೀಕ್ಷೆ ನಡೆಸಿದ್ದ ಫೈನಾ ಅಬ್ರಮೋವಾ ಮತ್ತು ಲೆವ್ ಗ್ರಿನ್‌ಬರ್ಗ್ ಎಂಬ ಇಬ್ಬರು ವೈದ್ಯರು ಸತ್ತವರ ಅಂಗಾಂಶದ ಮಾದರಿಗಳನ್ನು ಬಚ್ಚಿಟ್ಟು ಉಳಿಸಿದ್ದರು. 1992ರಲ್ಲಿ ಅಧ್ಯಕ್ಷ ಯೆಲ್ಟ್ಸಿನ್ ಸೇನೆಯ ಪಾತ್ರವನ್ನು ಒಪ್ಪಿಕೊಂಡರು. ಅದೇ ವರ್ಷ ಅಲ್ಲಿಗೆ ಹೋದ ಅಮೆರಿಕದ ವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್ ಅವರ ತಂಡವು, ಸತ್ತವರು ಹಗಲು ಹೊತ್ತು ಎಲ್ಲಿದ್ದರು ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ನಕ್ಷೆಯ ಮೇಲೆ ಗುರುತು ಹಾಕಿತು. ಬಹುಪಾಲು ಗುರುತುಗಳು ಸೇನಾ ಘಟಕದಿಂದ ಹೊರಟ ಕಿರಿದಾದ ಪಟ್ಟಿಯೊಂದರೊಳಗೆ ಬಿದ್ದವು. ಆ ಪಟ್ಟಿಯನ್ನೇ ಮುಂದುವರಿಸಿ ಎಳೆದರೆ ಸುಮಾರು 50 ಕಿಲೋಮೀಟರ್ ದೂರದವರೆಗಿನ ಹಳ್ಳಿಗಳಲ್ಲಿ ದನ ಕುರಿಗಳೂ ಸತ್ತಿದ್ದವು. 1979ರ ಏಪ್ರಿಲ್ 2ರಂದು ಗಾಳಿ ಬೀಸಿದ್ದೂ ಅದೇ ದಿಕ್ಕಿಗೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಇದೇ ಮೆಸೆಲ್ಸನ್ 1980ರ ದಶಕದಲ್ಲಿ ಸೋವಿಯತ್ ವೈದ್ಯರು ಹೇಳಿದ ಮಾಂಸದ ಕಥೆಯನ್ನು ನಂಬಲರ್ಹವೆಂದೇ ಭಾವಿಸಿದ್ದರು. ಅವರು ದಡ್ಡರಲ್ಲ, ಪ್ರಾಮಾಣಿಕರೂ ಹೌದು. ಸ್ಥಳಕ್ಕೆ ಹೋಗಿ ನೋಡಲು ಬಿಡದಿದ್ದಾಗ ಎಂಥವರಿಗೂ ಹೇಳಿದ ಕಥೆಯೇ ಗತಿ.

ಒಪ್ಪಂದದಲ್ಲಿ ಬಿಟ್ಟುಹೋದದ್ದೂ ಇದೇ. 1925ರ ಜಿನೀವಾ ಪ್ರೋಟೊಕಾಲ್ ಯುದ್ಧದಲ್ಲಿ ರೋಗಾಣುಗಳನ್ನು ಬಳಸಬಾರದೆಂದಿತ್ತೇ ಹೊರತು ತಯಾರಿಸಬಾರದು ಎಂದಿರಲಿಲ್ಲ. 1972ರ ಏಪ್ರಿಲ್ 10ರಂದು ಸಹಿಗೆ ತೆರೆದ, 1975ರ ಮಾರ್ಚ್ 26ರಂದು ಜಾರಿಗೆ ಬಂದ ಜೈವಿಕ ಅಸ್ತ್ರ ನಿಷೇಧ ಒಪ್ಪಂದವು ತಯಾರಿಕೆ, ದಾಸ್ತಾನು, ಕೈ ಬದಲಾವಣೆ ಎಲ್ಲವನ್ನೂ ನಿಷೇಧಿಸಿತು. ಇಡೀ ಒಂದು ಬಗೆಯ ಅಸ್ತ್ರವನ್ನೇ ಇಲ್ಲವಾಗಿಸಲು ಹೊರಟ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಅದು. ಭಾರತ 1973ರಲ್ಲಿ ಸಹಿ ಹಾಕಿ 1974ರಲ್ಲಿ ಅನುಮೋದಿಸಿತು. ಇಂದು 180ಕ್ಕೂ ಹೆಚ್ಚು ದೇಶಗಳು ಅದರೊಳಗಿವೆ. ಆದರೆ ಮಾತು ಕೊಟ್ಟವರು ಮಾತಿನಂತೆ ನಡೆಯುತ್ತಿದ್ದಾರೆಯೇ ಎಂದು ಹೋಗಿ ನೋಡುವ ವ್ಯವಸ್ಥೆಯನ್ನು ಅದರಲ್ಲಿ ಇಡಲೇ ಇಲ್ಲ.

ರೇಷ್ಮೆಯವರಿಗೆ ಇದು ವಿಚಿತ್ರವಾಗಿ ಕಾಣಬೇಕು. ರೇಷ್ಮೆ ಹುಳುವಿಗೆ ಬರುವ ಗಂಟು ರೋಗ (ಪೆಬ್ರಿನ್) ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ, ಮೊಟ್ಟೆಯನ್ನು ಬರಿಗಣ್ಣಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. 1865ರಿಂದ ಕೆಲವು ವರ್ಷ ದಕ್ಷಿಣ ಫ್ರಾನ್ಸಿನಲ್ಲಿ ಹುಳುಗಳ ನಡುವೆ ಕೆಲಸ ಮಾಡಿದ ಲೂಯಿ ಪಾಶ್ಚರ್ ಕಂಡುಕೊಂಡ ದಾರಿ ಸರಳ: ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು, ಒಂದು ತೊಟ್ಟನ್ನು ಗಾಜಿನ ಚೂರಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಡುವುದು. ಇಂದಿಗೂ ನಮ್ಮ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ಸಾಲಾಗಿ ಕುಳಿತ ಹೆಣ್ಣುಮಕ್ಕಳು ಪುಟ್ಟ ಒರಳಿನಲ್ಲಿ ಚಿಟ್ಟೆ ಅರೆಯುವುದನ್ನು ನೋಡಬಹುದು. ರೈತ ಕೊಳ್ಳುವ ಹಾಳೆಯ ಮೇಲೆ ರೋಗರಹಿತ ಮೊಟ್ಟೆ ಎಂದು ಬರೆದಿದ್ದರೆ ಅದು ಮಾರುವವನ ಪ್ರಮಾಣವಚನವಲ್ಲ, ಯಾರೋ ನೋಡಿದ್ದಾರೆ ಎಂದು ಅರ್ಥ. ಜೈವಿಕ ಅಸ್ತ್ರ ಒಪ್ಪಂದದಲ್ಲಿ ಹಾಳೆಯಿದೆ, ಬರಹವಿದೆ, ಒರಳಿಲ್ಲ.

ಹಾಗೆಂದು ಪ್ರಯತ್ನ ನಡೆದಿಲ್ಲವೆಂದಲ್ಲ. 1995ರಿಂದ ಪರಿಶೀಲನಾ ಪ್ರೋಟೊಕಾಲ್ ಒಂದರ ಕರಡಿಗಾಗಿ ಮಾತುಕತೆ ನಡೆದು, 2001ರ ಜುಲೈಯಲ್ಲಿ ಅಮೆರಿಕ ಅದನ್ನು ತಿರಸ್ಕರಿಸಿದ್ದರಿಂದ ಮುರಿದುಬಿತ್ತು. ಅಮೆರಿಕದ ವಾದದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳಲಾರೆ. ಲಸಿಕೆ ತಯಾರಿಸುವ ಹುದುಗು ಪಾತ್ರೆಗೂ ಅಸ್ತ್ರ ತಯಾರಿಸುವ ಪಾತ್ರೆಗೂ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಒಪ್ಪಂದವೂ ಪಾತ್ರೆಯನ್ನಲ್ಲ, ಉದ್ದೇಶವನ್ನು ನಿಷೇಧಿಸಿದೆ, ಉದ್ದೇಶವು ಸೂಕ್ಷ್ಮದರ್ಶಕಕ್ಕೆ ಕಾಣುವಂಥದ್ದಲ್ಲ. ಆದರೂ ರಾಸಾಯನಿಕ ಅಸ್ತ್ರಗಳ ವಿಷಯದಲ್ಲಿ ಇದೇ ತೊಡಕನ್ನು ಬಹುಮಟ್ಟಿಗೆ ದಾಟಲಾಗಿದೆ. ಹೇಗ್ ನಗರದಲ್ಲಿ ಅದಕ್ಕಾಗಿಯೇ ನೂರಾರು ಸಿಬ್ಬಂದಿಯ ಸಂಸ್ಥೆಯಿದೆ. ಭಾರತವೂ ತನ್ನಲ್ಲಿದ್ದ ರಾಸಾಯನಿಕ ಅಸ್ತ್ರಗಳನ್ನು ಘೋಷಿಸಿ, ಆ ಸಂಸ್ಥೆಯ ತಪಾಸಕರ ಕಣ್ಣೆದುರಿನಲ್ಲೇ 2009ರ ಹೊತ್ತಿಗೆ ನಾಶಪಡಿಸಿ ಮುಗಿಸಿತು. ಜೈವಿಕ ಅಸ್ತ್ರ ಒಪ್ಪಂದಕ್ಕೆ 2006ರಲ್ಲಿ ಮಂಜೂರಾದ ಕಚೇರಿಯಲ್ಲಿ ಇದ್ದವರು ಮೂವರು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅದಕ್ಕಿಂತ ಹೆಚ್ಚು ಜನರಿದ್ದಾರೆ.

ತಪಾಸಣೆಯ ಬದಲಿಗೆ ಇರುವುದು, ವರ್ಷಕ್ಕೊಮ್ಮೆ ತಮ್ಮ ಪ್ರಯೋಗಾಲಯಗಳು, ಲಸಿಕೆ ಘಟಕಗಳು, ಅಸಹಜ ರೋಗ ಪ್ರಸಂಗಗಳ ವಿವರವನ್ನು ದೇಶಗಳೇ ಬರೆದು ಕಳುಹಿಸುವ ಪದ್ಧತಿ. 1986ರಲ್ಲಿ ಒಪ್ಪಿಕೊಂಡ ಈ ಕ್ರಮವನ್ನು ಬಹುಕಾಲ ಅರ್ಧಕ್ಕಿಂತ ಕಡಿಮೆ ದೇಶಗಳು ಪಾಲಿಸುತ್ತಿದ್ದವು. ಕಾನೂನಿನ ಬಲವುಳ್ಳ ಪರಿಶೀಲನಾ ವ್ಯವಸ್ಥೆ ಬೇಕೆಂದು ಭಾರತ ಹೇಳುತ್ತಲೇ ಬಂದಿದೆ. ಸಾಮೂಹಿಕ ನಾಶದ ಅಸ್ತ್ರಗಳ ಬಗ್ಗೆ 2005ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿದೆ, ಇಂಥ ವಸ್ತುಗಳ ರಫ್ತಿನ ಮೇಲೆ ಕಣ್ಣಿಡುವ ಆಸ್ಟ್ರೇಲಿಯಾ ಗುಂಪಿಗೆ 2018ರಲ್ಲಿ ಸೇರಿದೆ.

ಮುಚ್ಚಿಡುವುದರ ಬಗ್ಗೆ ಇಷ್ಟು ಬರೆದವನು, ಬಿಚ್ಚಿ ಹೇಳಿದವರಿಗೆ ಏನಾಗುತ್ತದೆ ಎಂಬುದನ್ನೂ ಬರೆಯಬೇಕು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಸತ್ತವರು ಐವತ್ತರ ಆಸುಪಾಸು. ಆದರೆ ಭಾರತದ ವಿಮಾನಗಳನ್ನು ಹಲವು ದೇಶಗಳು ತಡೆದವು, ಸರಕಿನ ಆಮದಿಗೂ ಅಡ್ಡಿಪಡಿಸಿದವು. 2021ರ ನವೆಂಬರಿನಲ್ಲಿ ಕೋವಿಡ್‌ನ ಓಮಿಕ್ರಾನ್ ರೂಪವನ್ನು ಗುರುತಿಸಿ ಜಗತ್ತಿಗೆ ತಕ್ಷಣ ತಿಳಿಸಿದ ದಕ್ಷಿಣ ಆಫ್ರಿಕಕ್ಕೆ ಕೆಲವೇ ದಿನಗಳಲ್ಲಿ ಸಿಕ್ಕಿದ್ದು ವಿಮಾನ ಸಂಚಾರದ ನಿಷೇಧ. 2007ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ, ಗಡಿ ದಾಟಬಹುದಾದ ಆಪತ್ತೆಂದು ಅಂದಾಜಾದ 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ನಿಯಮ ಸರಿಯಾಗಿಯೇ ಇದೆ. ತಿಳಿಸಿದವನ ಗೂಡಿಗೆ ಬೆಲೆ ಬೀಳದಂತೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಗಟ್ಟಿಯಾದ ಉತ್ತರವಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ: ಒಳಗೆ ಬಂದು ನೋಡುವ ಹಕ್ಕು, ಒಪ್ಪಿಕೊಂಡವನಿಗೆ ನಷ್ಟ ತುಂಬುವ ಹೊಣೆ, ಇವೆರಡೂ ಒಂದೇ ಒಪ್ಪಂದದೊಳಗೆ ಬರುವ ತನಕ ರಾತ್ರಿ ಹೊತ್ತು ತಿಪ್ಪೆಗೆ ಹೋಗುವವರು ಹೋಗುತ್ತಲೇ ಇರುತ್ತಾರೆ.

ಸಂಶಯವೂ ಸಹಕಾರವನ್ನು ತಿನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ, ಅಮೆರಿಕದ ಹಣದಿಂದ, ದೆಹಲಿಯಲ್ಲಿ ಸೊಳ್ಳೆಗಳ ಅನುವಂಶೀಯ ನಿಯಂತ್ರಣದ ಘಟಕವೊಂದನ್ನು ನಡೆಸುತ್ತಿದ್ದವು. ಇದು ಜೈವಿಕ ಯುದ್ಧದ ಪೂರ್ವತಯಾರಿಯೆಂಬ ಆರೋಪ 1974ರಲ್ಲಿ ಪತ್ರಿಕೆಗಳಿಗೆ ಬಂತು, ಸಂಸತ್ತಿನ ಸಮಿತಿಯೂ ಪ್ರಶ್ನೆ ಎತ್ತಿತು, ಮರುವರ್ಷ ಘಟಕ ಮುಚ್ಚಿತು. ಆ ಸಂಶಯವನ್ನು ಗೇಲಿ ಮಾಡಲು ನನಗೆ ಮನಸ್ಸಾಗುವುದಿಲ್ಲ. ಅಧ್ಯಕ್ಷ ನಿಕ್ಸನ್ 1969ರ ನವೆಂಬರಿನಲ್ಲಿ ನಿಲ್ಲಿಸುವ ತನಕ ಅಮೆರಿಕಕ್ಕೆ ನಿಜವಾಗಿಯೂ ಜೈವಿಕ ಅಸ್ತ್ರಗಳ ಕಾರ್ಯಕ್ರಮವಿತ್ತು. ಹೋಗಿ ನೋಡುವ ದಾರಿಯಿಲ್ಲದಿದ್ದಾಗ ಸೊಳ್ಳೆಯೂ ಗೂಢಚಾರನಂತೆ ಕಾಣುತ್ತದೆ.

ಇದಕ್ಕೆ ಎದುರಾಗಿ ನಮ್ಮ ಹೊಲದ ಕಡೆಯದೇ ಒಂದು ಸಮಾಚಾರವಿದೆ. ಪರಂಗಿಯ ಹಿಟ್ಟು ತಿಗಣೆ ಎಂಬ ಮೆಕ್ಸಿಕೋ ಕಡೆಯ ಕೀಟ 2008ರಲ್ಲಿ ಕೊಯಮತ್ತೂರಿನ ಬಳಿ ಕಾಣಿಸಿಕೊಂಡು, ಎರಡೇ ವರ್ಷದಲ್ಲಿ ಪರಂಗಿಯನ್ನಲ್ಲದೆ ತಮಿಳುನಾಡು, ಕರ್ನಾಟಕಗಳ ಹಿಪ್ಪುನೇರಳೆಯನ್ನೂ ಮುತ್ತಿತು. ಹಿಪ್ಪುನೇರಳೆಗೆ ಔಷಧಿ ಹೊಡೆದರೆ ಆ ಸೊಪ್ಪು ತಿಂದ ಹುಳು ಸಾಯುತ್ತದೆ. 2010ರಲ್ಲಿ ಬೆಂಗಳೂರಿನ ಕೇಂದ್ರ ಸರ್ಕಾರದ ಕೀಟ ಸಂಶೋಧನಾ ಸಂಸ್ಥೆಯು ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊ ರಿಕೊದಿಂದ ಮೂರು ಬಗೆಯ ಪರಾವಲಂಬಿ ಕಣಜಗಳನ್ನು ತರಿಸಿತು. ಬಂದವನ್ನು ನೇರವಾಗಿ ಹೊಲಕ್ಕೆ ಬಿಡಲಿಲ್ಲ. ಕ್ವಾರಂಟೈನಿನಲ್ಲಿಟ್ಟು, ಪರೀಕ್ಷಿಸಿ, ಅನುಮತಿ ಪಡೆದು, ಬಳಿಕ ಬೆಳೆಸಿ ಹಂಚಿದರು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬ, ಸಾಸಿವೆ ಕಾಳಿಗಿಂತ ಚಿಕ್ಕದಾದ ಕಣಜ ತಿಗಣೆಯನ್ನು ಹದ್ದುಬಸ್ತಿಗೆ ತಂದಿತು. ಹೊರದೇಶದ ಜೀವಿಯೊಂದು ವಿಮಾನದಲ್ಲಿ ಬಂದು ಹೊಲಕ್ಕಿಳಿದರೂ ಯಾರೂ ಅದನ್ನು ಅಸ್ತ್ರವೆನ್ನಲಿಲ್ಲ, ಏಕೆಂದರೆ ಎಲ್ಲಿಂದ ಬಂತು, ಯಾರು ಪರೀಕ್ಷಿಸಿದರು ಎಂಬುದೆಲ್ಲ ಬರಹದಲ್ಲಿತ್ತು. ರೋಗಾಣು ವಿಜ್ಞಾನವನ್ನು ಶಾಂತಿಯ ಕೆಲಸಕ್ಕೆ ಪರಸ್ಪರ ಹಂಚಿಕೊಳ್ಳಬೇಕೆನ್ನುವ, ಬಡ ದೇಶಗಳು ಪದೇ ಪದೇ ನೆನಪಿಸುವ, ಜೈವಿಕ ಅಸ್ತ್ರ ಒಪ್ಪಂದದ 10ನೆಯ ವಿಧಿಯನ್ನು ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

2022ರ ಡಿಸೆಂಬರಿನಲ್ಲಿ ಒಪ್ಪಂದದ ದೇಶಗಳು ಕಾರ್ಯತಂಡವೊಂದನ್ನು ರಚಿಸಿ, ಎರಡು ದಶಕಗಳಿಂದ ಬದಿಗಿಟ್ಟಿದ್ದ ಪರಿಶೀಲನೆಯ ವಿಷಯವನ್ನು ಮತ್ತೆ ಚರ್ಚೆಗೆ ತಂದವು. ಒಬ್ಬರು ಬೇಡವೆಂದರೂ ನಿಲ್ಲುವ ಸರ್ವಸಮ್ಮತಿಯ ಪದ್ಧತಿ ಅಲ್ಲಿಯದು. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ಮಹಾಪಿಡುಗಿನ ಒಪ್ಪಂದವೂ, ರೋಗಾಣುವಿನ ಮಾದರಿ ಕೊಟ್ಟ ದೇಶಕ್ಕೆ ಲಸಿಕೆಯಲ್ಲಿ ಎಷ್ಟು ಪಾಲು ಎಂಬ ಕಠಿಣ ಭಾಗವನ್ನು ಮುಂದಿನ ಮಾತುಕತೆಗೆ ಬಿಟ್ಟೇ ಅಂಗೀಕಾರವಾಯಿತು.

ಈಚೆಗೆ ಊರಿಗೆ ಹೋಗಿದ್ದಾಗ, ಜಗುಲಿಯ ಮೇಲೆ ಕುಳಿತಿದ್ದ ಅಪ್ಪನನ್ನು ಆ ರಾತ್ರಿಯ ಬಗ್ಗೆ ಕೇಳಿಯೇಬಿಟ್ಟೆ, ಪಕ್ಕದ ಮನೆಯವರಿಗೆ ಅದು ಯಾವತ್ತಾದರೂ ತಿಳಿಯಿತೇ ಎಂದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ಗೊತ್ತಿತ್ತು ಕಣಪ್ಪ ಅವನ್ಗೆ. ಹಿಂದಿನ ವರ್ಸ ಅವನೂ ಅಲ್ಲಿಗೇ ಸುರಿದಿದ್ದ. ನಂಗೂ ಗೊತ್ತಿತ್ತು" ಎಂದರು. ಒಳಗಿನಿಂದ ಅವ್ವ, ಕಾಲು ತೊಳೆಯದೆ ಹುಳುಮನೆ ಕಡೆ ಹೋಗಬೇಡವೆಂದು ಕೂಗಿದಳು.