ಗಂಟೆಗೆ ತೊಂಬತ್ತು ಕಿಲೋಮೀಟರ್ ಲೆಕ್ಕದಲ್ಲಿ

ನಾನು ಹಾರಿಸುವುದು ಟ್ರೈಕ್. ಬಟ್ಟೆಯ ತ್ರಿಕೋನ ರೆಕ್ಕೆ, ಅದರ ಕೆಳಗೆ ತೂಗುವ ಮೂರು ಚಕ್ರದ ಗಾಡಿ, ಬೆನ್ನ ಹಿಂದೆ ಎಂಜಿನ್ ಮತ್ತು ಪ್ರೊಪೆಲ್ಲರ್. ಆರಾಮಾಗಿ ಹಾರಿದರೆ ಗಾಳಿಯಲ್ಲಿ ಇದರ ವೇಗ ಗಂಟೆಗೆ 90 ಕಿ.ಮೀ. ಥ್ರಾಟಲ್ ಹೆಚ್ಚಿಸಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ವೇಗ ಮಾತ್ರ ಅಷ್ಟೇನೂ ಏರುವುದಿಲ್ಲ. ಇಂಥ ವಿಮಾನದಲ್ಲಿ 400 ಕಿ.ಮೀ. ಆಚೆಯ ಏರ್‌ಸ್ಟ್ರಿಪ್‌ಗೆ ಹೋಗಬೇಕು ಅಂತ ತುಂಬಾ ದಿನದಿಂದ ಆಸೆಯಿತ್ತು. ಆಗದ ಮಾತೇನಲ್ಲ. 1988ರಲ್ಲಿ ವಿಜಯಪತ್ ಸಿಂಘಾನಿಯಾ ಮೈಕ್ರೊಲೈಟ್ ಅನ್ನುವ ಅತಿ ಹಗುರ ವಿಮಾನದಲ್ಲಿ ಬ್ರಿಟನ್‌ನಿಂದ ಭಾರತಕ್ಕೆ ಒಬ್ಬರೇ ಹಾರಿ ಬಂದಿದ್ದಾರೆ. 1998ರಲ್ಲಿ ಬ್ರಯಾನ್ ಮಿಲ್ಟನ್ ಇಂಥದ್ದೇ ಟ್ರೈಕ್‌ನಲ್ಲಿ 120 ದಿನಗಳಲ್ಲಿ ಪ್ರಪಂಚವನ್ನೇ ಸುತ್ತಿದ್ದಾರೆ. ನನ್ನ 400 ಕಿ.ಮೀ. ಅವರ ಮುಂದೆ ಯಾವ ಲೆಕ್ಕ! ಆದರೂ ನನಗೆ ಅದು ದೊಡ್ಡ ಪ್ರಯಾಣವೇ.

ಹೊರಡುವ ಹಿಂದಿನ ದಿನ ನನಗೆ ಹಾರಲು ಕಲಿಸಿದ ಸರ್ ಜೊತೆ ಕೂತೆ. ಮೇಜಿನ ಮೇಲೆ ನಕ್ಷೆ, ಸ್ಕೇಲು, ಪೆನ್ಸಿಲ್. ನಾನು ಮೊದಲು ಊರಿಂದ ಊರಿಗೆ ಒಂದು ನೇರ ಗೆರೆ ಎಳೆದೆ. ಸರ್ ಅದನ್ನು ನೋಡಿದರು, ಏನೂ ಹೇಳಲಿಲ್ಲ.

"ಎಷ್ಟು ದೂರ ಅನ್ನೋದು ಆಮೇಲೆ. ಎಷ್ಟು ಹೊತ್ತು ಹಾರಬಹುದು? ಅದನ್ನ ಮೊದಲು ಹೇಳು."

ಟ್ಯಾಂಕಿನಲ್ಲಿ ಬಳಸಲು ಸಿಗುವ ಪೆಟ್ರೋಲ್ 42 ಲೀಟರ್. ಎಂಜಿನ್ ಗಂಟೆಗೆ 12 ಲೀಟರ್ ಕುಡಿಯುತ್ತದೆ. ಅಂದರೆ ಟ್ಯಾಂಕ್ ಪೂರ್ತಿ ಖಾಲಿಯಾಗಲು ಮೂರೂವರೆ ಗಂಟೆ. ಅದರಲ್ಲಿ 45 ನಿಮಿಷವನ್ನು ಮುಟ್ಟಬಾರದ ಗಂಟು ಅಂತ ಬದಿಗಿಟ್ಟರೆ ಉಳಿಯುವುದು ಎರಡೂ ಮುಕ್ಕಾಲು ಗಂಟೆ. ಗಾಳಿಯೇ ಇಲ್ಲದ ದಿನ ಅಷ್ಟು ಹೊತ್ತಲ್ಲಿ ಸುಮಾರು 247 ಕಿ.ಮೀ. ಹೋಗಬಹುದು. ಗಂಟೆಗೆ 30 ಕಿ.ಮೀ. ಎದುರುಗಾಳಿ ಇದ್ದರೆ ಅದೇ ಪೆಟ್ರೋಲಿಗೆ 165 ಕಿ.ಮೀ. ಗಾಳಿ ಬೆನ್ನಿಗಿದ್ದರೆ 330. ವಿಮಾನ ಅದೇ, ಟ್ಯಾಂಕ್ ಅದೇ, ದೂರ ಮಾತ್ರ ಒಂದಕ್ಕೆರಡು! ದೊಡ್ಡ ವಿಮಾನಕ್ಕೆ 30 ಕಿ.ಮೀ. ಗಾಳಿ ಸಣ್ಣ ವಿಷಯ. ನಮಗೆ ಅದು ವೇಗದಲ್ಲಿ ಮೂರರಲ್ಲೊಂದು ಪಾಲು.

ಅಡ್ಡಗಾಳಿಯೂ ಸುಮ್ನೆ ಬಿಡುವುದಿಲ್ಲ. 30 ಕಿ.ಮೀ. ಗಾಳಿ ನೇರ ಪಕ್ಕದಿಂದ ಬಂದರೆ ಟ್ರೈಕ್‌ನ ಮೂತಿಯನ್ನು ಗಾಳಿಯ ಕಡೆಗೆ ಹತ್ತಿರಹತ್ತಿರ 20 ಡಿಗ್ರಿ ತಿರುಗಿಸಿಕೊಂಡೇ ಹೋಗಬೇಕು. ಒಂದು ಕಡೆ ಮುಖ, ಇನ್ನೊಂದು ಕಡೆ ಪಯಣ. ಇಷ್ಟು ಮಾಡಿದ ಮೇಲೂ ನೆಲದ ಮೇಲಿನ ವೇಗ 90ರಿಂದ 85ಕ್ಕೆ ಇಳಿಯುತ್ತದೆ. ಗಂಟೆಗೆ 200 ಕಿ.ಮೀ. ಹೋಗುವ ವಿಮಾನಕ್ಕೆ ಇದೇ ಗಾಳಿಯಲ್ಲಿ 9 ಡಿಗ್ರಿ ಸಾಕು, ವೇಗ ಎರಡು ಮೂರು ಕಿ.ಮೀ. ಕಡಿಮೆಯಾದರೆ ಹೆಚ್ಚು.

ಆಮೇಲೆ ಸರ್ ಕೇಳಿದ ಒಂದು ಪ್ರಶ್ನೆಯ ಮೇಲೆ ಮಧ್ಯಾಹ್ನ ಪೂರ್ತಿ ಕಳೆಯಿತು. "180 ಕಿ.ಮೀ. ದೂರದ ಮೈದಾನಕ್ಕೆ ಹೋಗಬೇಕು. 30 ಕಿ.ಮೀ. ಗಾಳಿ ಇದೆ. ಅದು ಎದುರಿಗಿದ್ದರೆ ನಿನಗೆ ಭಯವೋ, ಬೆನ್ನಿಗಿದ್ದರೆ ಭಯವೋ?"

ಎದುರುಗಾಳಿ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕುತ್ತಾ ಹೋದಂತೆ ಚಿತ್ರ ಬೇರೆಯೇ ಆಯಿತು. ಎದುರುಗಾಳಿಯಲ್ಲಿ ಗಂಟೆಗೆ 60 ಕಿ.ಮೀ.ನಂತೆ ತೆವಳುತ್ತಾ ಎರಡು ಗಂಟೆ ಹಾರಿದರೆ 120 ಕಿ.ಮೀ. ದಾಟಿರುತ್ತೀರಿ. ಉಳಿದ 60 ಕಿ.ಮೀ.ಗೆ ಇನ್ನೊಂದು ಗಂಟೆ ಬೇಕು. ಅಲ್ಲಿಂದ ತಿರುಗಿ ಮನೆಗೆ ಬಂದರೂ ಒಂದೇ ಗಂಟೆ, ಯಾಕೆಂದರೆ ಈಗ ಗಾಳಿ ತಳ್ಳುತ್ತದೆ. ಎರಡರಲ್ಲೂ ಒಟ್ಟು ಮೂರು ಗಂಟೆ, ಅಂದರೆ ಗಂಟಿನಿಂದ ಕಾಲು ಗಂಟೆ ಮುಟ್ಟಬೇಕಾಗುತ್ತದೆ, ನಿಜ. ಆದರೂ ದಾರಿಯ ಮೂರರಲ್ಲಿ ಎರಡು ಪಾಲು ಮುಗಿದ ಮೇಲೂ ವಾಪಸ್ ಬರುವ ಬಾಗಿಲು ತೆರೆದೇ ಇದೆ. ಬೆನ್ನ ಗಾಳಿಯಲ್ಲಿ ಇದೆಲ್ಲ ತಿರುವುಮುರುವು. ಒಂದೂವರೆ ಗಂಟೆಯಲ್ಲಿ ಖುಷಿಯಾಗಿ 180 ಕಿ.ಮೀ. ಮುಗಿಸುತ್ತೀರಿ. ಅಲ್ಲಿ ಮಂಜು ಮುಸುಕಿದೆ, ಇಳಿಯಲಾಗದು ಅಂದುಕೊಳ್ಳಿ. ವಾಪಸ್ ಬರಲು ಮೂರು ಗಂಟೆ ಬೇಕು. ಟ್ಯಾಂಕಿನಲ್ಲಿರುವುದು ಎರಡು ಗಂಟೆಯ ಪೆಟ್ರೋಲ್, ಅದೂ ಮುಟ್ಟಬಾರದ ಗಂಟನ್ನು ಸೇರಿಸಿ.

ಇದನ್ನು ಕಾಗದದ ಮೇಲೆ ಬರೆದು ನೋಡಿದ ಮೇಲೆ ನನ್ನ ಯೋಚನೆಯೇ ಬದಲಾಯಿತು. ಎದುರುಗಾಳಿ ಹೊತ್ತು ತಿನ್ನುತ್ತದೆ, ಆದರೆ ಶುರುವಿನಿಂದಲೇ ತನ್ನ ಬೆಲೆ ತೋರಿಸುತ್ತದೆ. ಬೆನ್ನ ಗಾಳಿ ಮೊದಲು ಕೊಟ್ಟು, ಹಿಂದಿರುಗುವಾಗ ಕಿತ್ತುಕೊಳ್ಳುತ್ತದೆ. ನಿಧಾನದ ವಿಮಾನದಲ್ಲಿ ದೂರ ಹೋಗುವವರು ಎಚ್ಚರ ವಹಿಸಬೇಕಾದದ್ದು ಹೆಚ್ಚಾಗಿ ಈ ಎರಡನೆಯದಕ್ಕೆ ಅಂತ ನನಗೆ ಈಗ ಖಚಿತವಾಗಿ ಅನಿಸುತ್ತದೆ.

ಮತ್ತೆ ನಕ್ಷೆಗೆ ಬಂದೆವು. ನನ್ನ ನೇರ ಗೆರೆ ಒಂದು ಬೆಟ್ಟದ ಸಾಲಿನ ಮೇಲೆ ಹಾದುಹೋಗಿತ್ತು. ಬೆಟ್ಟದ ಮರೆಯ ಬದಿಯಲ್ಲಿ ಗಾಳಿ ಕೆಳಗೆ ಸುರಿದು ಸುರುಳಿ ಸುತ್ತುತ್ತದೆ, ಹಗುರ ವಿಮಾನಕ್ಕೆ ಅದು ಒಳ್ಳೆಯ ಜಾಗವಲ್ಲ. ಕೆಳಗೆ ಬರೀ ಕಾಡು ಬೇರೆ. ಎಂಜಿನ್ ನಿಂತರೆ ನನ್ನ ಟ್ರೈಕ್ ಒಂದು ಪಾಲು ಇಳಿಯುವಷ್ಟರಲ್ಲಿ ಸುಮಾರು ಏಳು ಪಾಲು ಮುಂದೆ ಹೋಗುತ್ತದೆ. ನೆಲದಿಂದ 300 ಮೀಟರ್ ಎತ್ತರದಲ್ಲಿದ್ದರೆ ಎರಡು ಕಿ.ಮೀ. ಒಳಗೆ ಇಳಿಯುವ ಜಾಗ ಸಿಗಬೇಕು. ಹಾಗಾಗಿ ಗೆರೆಯನ್ನು ಬಯಲಿನ ಕಡೆ ಬಗ್ಗಿಸಿದೆವು. ದೂರ 440 ಕಿ.ಮೀ. ಆಯಿತು. 40 ಕಿ.ಮೀ. ಜಾಸ್ತಿ, ಅಂದರೆ ಅರ್ಧ ಗಂಟೆಯೂ ಇಲ್ಲ. ಆ ಅರ್ಧ ಗಂಟೆಯನ್ನು ಉಳಿಸಲು ಕಾಡಿನ ಮೇಲೆ ಹಾರುವುದರಲ್ಲಿ ನನಗೆ ಯಾವ ಅರ್ಥವೂ ಕಾಣಲಿಲ್ಲ.

ಮೂರು ಹಂತ ಮಾಡಿದೆವು: 150, 160, 130. ಮುನ್ಸೂಚನೆಯ ಪ್ರಕಾರ ಮೊದಲ ಹಂತಕ್ಕೆ 20 ಕಿ.ಮೀ. ಎದುರುಗಾಳಿ, ಎರಡನೆಯದಕ್ಕೆ ಅಡ್ಡಗಾಳಿ, ಕೊನೆಯದಕ್ಕೆ ಬೆನ್ನ ಗಾಳಿ. ಎಲ್ಲವನ್ನೂ ಮಧ್ಯಾಹ್ನದೊಳಗೆ ಮುಗಿಸುವಂತೆ ನಾನು ಸಮಯ ಬರೆದಿದ್ದೆ. ಸರ್ ಎರಡನೇ ಹಂತ ಮುಗಿಯುವಲ್ಲಿ ಒಂದು ಅಡ್ಡಗೆರೆ ಎಳೆದರು. ಬಿಸಿಲೇರಿದಂತೆ ನೆಲ ಕಾಯುತ್ತದೆ, ಥರ್ಮಲ್‌ಗಳು, ಅಂದರೆ ಮೇಲೇರುವ ಬಿಸಿಗಾಳಿಯ ಕಂಬಗಳು, ಏಳುತ್ತವೆ. ಮೇಲಿನ ಜೋರು ಗಾಳಿಯೂ ಅದರ ಜೊತೆ ಕಲಸಿಕೊಂಡು ಕೆಳಗಿಳಿಯುತ್ತದೆ. ರೆಕ್ಕೆಯನ್ನು ತೋಳಬಲದಿಂದ ಹಿಡಿದು ಹಾರಿಸುವ ಟ್ರೈಕ್‌ನಲ್ಲಿ ಆ ಹೊತ್ತಿನ ಎರಡು ಗಂಟೆ ಅಂದರೆ ಭುಜ ಬಿದ್ದುಹೋಗುತ್ತದೆ. "ಹನ್ನೊಂದರಿಂದ ನಾಲ್ಕರವರೆಗೆ ನೆಲದ ಮೇಲಿರು" ಅಂದರು.

ಎತ್ತರದ ವಿಷಯದಲ್ಲಿ ಮಾತ್ರ ಇಬ್ಬರಿಗೂ ಸ್ವಲ್ಪ ವಾದವಾಯಿತು. ಸಾಮಾನ್ಯವಾಗಿ ಮೇಲೆ ಹೋದಷ್ಟೂ ಗಾಳಿ ಜೋರು. ಎದುರುಗಾಳಿ ಇದ್ದಾಗ ತಗ್ಗಿನಲ್ಲಿ ಹಾರಿದರೆ ಬೇಗ ತಲುಪಬಹುದು ಅಂತ ನನ್ನ ವಾದ. ತಗ್ಗಿನಲ್ಲಿ ಎಂಜಿನ್ ನಿಂತರೆ ಯೋಚಿಸಲು ಹೊತ್ತು ಸಿಗುವುದಿಲ್ಲ ಅಂತ ಅವರದು. ಬಯಲಿನ ಮೇಲೆ 300 ಮೀಟರ್, ಮರಗಿಡ ಜಾಸ್ತಿ ಇರುವಲ್ಲಿ 600 ಅಂತ ಒಪ್ಪಿಕೊಂಡೆವು.

ಮೊದಲ ಹಂತದಲ್ಲಿ 60 ಕಿ.ಮೀ.ಗೆ ಒಂದು ರೈಲ್ವೆ ಸೇತುವೆ ಇತ್ತು. ಸರ್ ಅದಕ್ಕೆ ಪೆನ್ಸಿಲಿನಲ್ಲಿ ಎರಡು ಸುತ್ತು ಹಾಕಿದರು. ಒಂದು ಗಂಟೆಯೊಳಗೆ ಸೇತುವೆ ದಾಟಿದರೆ ಮುಂದೆ, ಇಲ್ಲದಿದ್ದರೆ ವಾಪಸ್. ವೇಗ ಗಂಟೆಗೆ 55 ಕಿ.ಮೀ.ಗೆ ಇಳಿದರೆ 150 ಕಿ.ಮೀ.ಗೇ ಎರಡೂ ಮುಕ್ಕಾಲು ಗಂಟೆ ಹಿಡಿಯುತ್ತದೆ, ಅದಕ್ಕೇ ಈ ಗಡಿ. ಮೇಲೆ ಹೋದ ಮೇಲೆ ಯೋಚಿಸಿ ನಿರ್ಧರಿಸೋಣ ಅನ್ನುವುದು ನಡೆಯುವುದಿಲ್ಲ. ಚಳಿ, ಸದ್ದು, ಮುಟ್ಟಲೇಬೇಕೆಂಬ ಹಟ ಎಲ್ಲ ಸೇರಿ ಮನಸ್ಸು ತನಗೆ ಬೇಕಾದ ಉತ್ತರವನ್ನೇ ಹೇಳುತ್ತದೆ. ಉತ್ತರ ಮೊದಲೇ ಕಾಗದದ ಮೇಲಿರಬೇಕು.

ಸಂಜೆ ಸಾಮಾನು ತೂಗಿದೆವು. ಟೆಂಟು, ವಿಮಾನ ಕಟ್ಟಲು ಗೂಟ ಮತ್ತು ಹಗ್ಗ, ಸ್ಪಾನರ್‌ಗಳು, ಪೆಟ್ರೋಲ್ ಸೋಸುವ ಜಾಲರಿಯ ಲಾಳಿಕೆ. ಆಮೇಲೆ ದಾರ ಕಟ್ಟುವ ಕೆಲಸ. ಪ್ರೊಪೆಲ್ಲರ್ ಬೆನ್ನ ಹಿಂದೆ ಇರುವುದರಿಂದ ಕೈಜಾರಿದ್ದೆಲ್ಲ ಅದರೊಳಕ್ಕೇ ಹೋಗುವ ಅಪಾಯ. ಪೆನ್ಸಿಲಿಗೆ ದಾರ, ಗ್ಲೌಸಿಗೆ ದಾರ, ಫೋನಿಗೆ ದಾರ. ನಕ್ಷೆಯನ್ನು ಅಗಲ ಪಟ್ಟಿಯಂತೆ ಮಡಚಿ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ತೊಡೆಗೆ ಬಿಗಿದುಕೊಂಡು, ಕೂತಲ್ಲೇ ತಿರುವಿ ನೋಡಿದೆ. ಜೇಬುಗಳಿಗೆಲ್ಲ ಜಿಪ್ ಹಾಕಿದೆ.

ಮರುದಿನ ಬೆಳಕು ಹರಿಯುತ್ತಲೇ ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲ್ ಗಾಜಿನ ಶೀಶೆಗೆ ಇಳಿಸಿ, ನೀರಿನ ಹನಿ ಇದೆಯೇ ಅಂತ ನೋಡಿ ಹೊರಟೆ. ಸೇತುವೆ 54 ನಿಮಿಷಕ್ಕೆ ಬಂತು. ಮುನ್ಸೂಚನೆಗಿಂತ ಗಾಳಿ ತುಸು ಜೋರಿತ್ತು, ಆದರೆ ಗಡಿಯೊಳಗೇ ಇತ್ತು. ಮೊದಲ ಮೈದಾನದಲ್ಲಿ ಇಳಿದು ಅಳತೆಕೋಲು ಅದ್ದಿ ನೋಡಿದಾಗ ಉಳಿದಿದ್ದು 15 ಲೀಟರ್. ಲೆಕ್ಕ ಸರಿಯಾಗಿ ಕೂತಿತ್ತು. ಎರಡನೇ ಹಂತದುದ್ದಕ್ಕೂ ಮೂತಿ ಓರೆ ಮಾಡಿಕೊಂಡೇ ಹಾರಿದೆ. ಹನ್ನೊಂದರ ಹೊತ್ತಿಗೆ ಎರಡನೇ ಮೈದಾನದಲ್ಲಿ ಟ್ರೈಕ್‌ಗೆ ಗೂಟ ಹೊಡೆದು ನೆರಳಿಗೆ ಬಂದೆ.

ಉಳಿದಿದ್ದು ಕೊನೆಯ 130 ಕಿ.ಮೀ., ಬೆನ್ನ ಗಾಳಿಯ ಹಂತ. ಹೋಗಲು ಒಂದು ಗಂಟೆ ಹತ್ತು ನಿಮಿಷ ಸಾಕು. ಆದರೆ ಅಲ್ಲಿ ಇಳಿಯಲಾಗದೆ ವಾಪಸ್ ಬರಬೇಕೆಂದರೆ ಒಟ್ಟು ಮೂರು ಗಂಟೆ, ನನ್ನ ಎರಡೂ ಮುಕ್ಕಾಲು ಗಂಟೆಗಿಂತ ಹೆಚ್ಚು. 50 ಕಿ.ಮೀ. ದಾಟಿದ ಮೇಲೆ ಮುಂದೆ ಹೋಗುವುದೇ ಹತ್ತಿರದ ದಾರಿ. ಅದಕ್ಕೇ ನಾಲ್ಕು ಗಂಟೆಗೆ ಟ್ಯಾಂಕ್ ತುಂಬಿಸಿ, ಆ ಏರ್‌ಸ್ಟ್ರಿಪ್‌ನವರಿಗೆ ಫೋನ್ ಮಾಡಿದೆ. ರನ್‌ವೇ ಖಾಲಿ ಇದೆಯಾ, ಗಾಳಿ ಯಾವ ಕಡೆಯಿಂದ, ದೂರದ ಮರಗಳು ಕಾಣುತ್ತಿವೆಯಾ, ಮೋಡ ಎಷ್ಟು ಎತ್ತರದಲ್ಲಿದೆ ಅಂತ ಒಂದೊಂದಾಗಿ ಕೇಳಿದೆ. ಅವರು ಹೊರಗೆ ಹೋಗಿ ನೋಡಿ ಬಂದು ಎಲ್ಲಕ್ಕೂ ಉತ್ತರ ಕೊಟ್ಟರು. ಅದನ್ನು ನಕ್ಷೆಯ ಅಂಚಿನಲ್ಲಿ ಬರೆದುಕೊಂಡು, ಹೊರಡುತ್ತಿದ್ದೇನೆ ಅಂತ ಸರ್‌ಗೂ ತಿಳಿಸಿ, ಎಂಜಿನ್ ಶುರು ಮಾಡಿದೆ.