ಬೆಂಕಿ ಸುತ್ತಿದ ಗೂಡಿನೊಳಗೆ ಕ್ಯಾಮೆರಾ

ಬರ್ಲಿನ್‌ನಿಂದ ಉತ್ತರಕ್ಕೆ, ಹಾವೆಲ್ ನದಿಯ ಬದಿಯ ಮಿಲ್ಡೆನ್‌ಬರ್ಗ್‌ನಲ್ಲಿ ಹಳೆಯ ಇಟ್ಟಿಗೆ ಕಾರ್ಖಾನೆಯೊಂದನ್ನು ಮ್ಯೂಸಿಯಂ ಮಾಡಿ ಉಳಿಸಿಕೊಂಡಿದ್ದಾರೆ. 1887ರಲ್ಲಿ ರೈಲು ಮಾರ್ಗ ಹಾಕುವಾಗ ಈ ಸೀಮೆಯಲ್ಲಿ ಜೇಡಿಮಣ್ಣು ಸಿಕ್ಕಿತು. ಬೆಳೆಯುತ್ತಿದ್ದ ಬರ್ಲಿನ್‌ಗೆ ಇಟ್ಟಿಗೆ ದೋಣಿಯಲ್ಲಿ ಹೋಯಿತು. ಬಂದವರೆಲ್ಲ ಮೊದಲು ಚಿಮಣಿಯತ್ತ ಕ್ಯಾಮೆರಾ ಎತ್ತುತ್ತಾರೆ. ನಮ್ಮ ಹೆಚ್ಚಿನ ಹೊತ್ತು ಇಟ್ಟಿಗೆ ಸುಡುವ ಗೂಡಿನೊಳಗೇ ಹೋಯಿತು.

ಬೆಂಕಿ ನಡೆದ ದಾರಿ ತಿಳಿಯದಿದ್ದರೆ ಫೋಟೊದಲ್ಲಿ ಬರೀ ಕಮಾನು ಉಳಿಯುತ್ತದೆ. ಇದು ಜರ್ಮನಿಯ ಫ್ರೆಡ್ರಿಕ್ ಹಾಫ್‌ಮನ್ 1858ರಲ್ಲಿ ಪೇಟೆಂಟ್ ಪಡೆದ ಬಗೆಯ ಗೂಡು, ಉಂಗುರದಂತೆ ಸುತ್ತಿಬರುವ ಸುರಂಗ. ಇಟ್ಟಿಗೆ ಇದ್ದಲ್ಲೇ ಇರುತ್ತದೆ, ಬೆಂಕಿ ಸುತ್ತು ಹಾಕುತ್ತದೆ. ಹಿಂದೆ ಸುಟ್ಟು ಆರುತ್ತಿರುವ ಇಟ್ಟಿಗೆಗಳ ನಡುವೆ ಹಾಯ್ದ ಗಾಳಿ ಬಿಸಿಯಾಗಿ ಬೆಂಕಿಗೆ ಸೇರುತ್ತದೆ. ಮುಂದಕ್ಕೆ ಹೋಗುವ ಹೊಗೆ ಹಸಿ ಇಟ್ಟಿಗೆಯನ್ನು ಕಾಯಿಸಿ ಆಮೇಲೆ ಚಿಮಣಿ ಸೇರುತ್ತದೆ. ಕಲ್ಲಿದ್ದಲನ್ನು ಮೇಲಿನಿಂದ, ಚಾವಣಿಯ ತೂತುಗಳಲ್ಲಿ ಸುರಿಯುತ್ತಿದ್ದರು.

ಆದ್ದರಿಂದ ಸುರಂಗ ತಿರುಗುವ ಕಡೆಯೇ ನಿಲ್ಲಬೇಕು: ಬಾಗು, ಬಾಗಿಲು, ಚಾವಣಿಯ ತೂತು, ಮೂರೂ ಒಂದೇ ಚೌಕಟ್ಟಿಗೆ ಬರಬೇಕು. ಫುಲ್ ಫ್ರೇಮ್ ಕ್ಯಾಮೆರಾಗೆ 20ರಿಂದ 24 ಮಿ.ಮೀ. ಲೆನ್ಸ್ ಸಾಕು. ಕ್ಯಾಮೆರಾ ಮೇಲಕ್ಕೆ ವಾಲಿದರೆ ಗೋಡೆಗಳು ಒಳಕ್ಕೆ ಬಾಗುತ್ತವೆ, ಮಟ್ಟವಾಗಿಡಿ. ಐಎಸ್‌ಒ 100, ಎಫ್/8 ಇಟ್ಟರೆ ಕತ್ತಲ ಮೂಲೆಯ ಒಂದು ಫೋಟೊಗೆ ಅರ್ಧ ನಿಮಿಷವೂ ಹಿಡಿಯಬಹುದು. ಬಾಗಿಲ ಬೆಳಕು ಬೆಳ್ಳಗೆ ಹೊಡೆದುಹೋಗದಂತೆ ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಅಂತರದಲ್ಲಿ ಮೂರು ಫೋಟೊ ತೆಗೆಯಿರಿ, ವೈಟ್ ಬ್ಯಾಲೆನ್ಸ್ ಬದಲಿಸಬೇಡಿ. ಗಾರೆಯ ಸಂದಿನ ಮೇಲೆ ಟಾರ್ಚ್ ಬಿಟ್ಟು ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿಬಿಡಿ. ಇಂಥ ದೂಳಿನಲ್ಲಿ ಲೆನ್ಸ್ ಬದಲಿಸುವುದು ಬೇಡವೇ ಬೇಡ.

ಇಂಥ ಗೂಡಿನ ಒಳಗೋಡೆಯನ್ನು ಹತ್ತಿರದಿಂದ ನೋಡಬೇಕು. ಕಲ್ಲಿದ್ದಲ ಬೂದಿ ಇಟ್ಟಿಗೆಯ ಮೈಯೊಡನೆ ಕರಗಿ ಗಾಜಿನಂತೆ ಅಂಟಿರುತ್ತದೆ, ಕೆಲವೆಡೆ ಹನಿಯಾಗಿ ಇಳಿದು ಗಟ್ಟಿಯಾಗಿರುತ್ತದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬಿಳಿ ಮಚ್ಚೆ ಮಾತ್ರ ಸಿಗುತ್ತದೆ. ಟಾರ್ಚನ್ನು ಗೋಡೆಗೆ ಸವರಿದಂತೆ ಪಕ್ಕದಿಂದ ಹಿಡಿದರೆ ಒಂದೊಂದು ಹನಿಗೂ ನೆರಳು ಬೀಳುತ್ತದೆ. ಪ್ರತಿಫಲನ ತಡೆಯುವ ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಳಪು ತಗ್ಗುತ್ತದೆ. ನಮಗೆ ಅದು ಒಪ್ಪಿಗೆಯಿಲ್ಲ. ಆ ಹೊಳಪು ಬೆಂಕಿಯ ಕೆಲಸ, ಅದನ್ನು ಅಳಿಸಬಾರದು.

ಹೊರಗಿನ ಬಿಸಿಲಲ್ಲಿ ತೊಂದರೆ ಬೇರೆ. ಮೀಟರ್ ಸರಿ ತೋರಿಸುತ್ತಿದ್ದರೂ ಇಟ್ಟಿಗೆಯ ಕೆಂಪು ಚಾನೆಲ್ ತುಂಬಿಹೋಗಿ ಗೋಡೆ ಬಳಿದ ಬಣ್ಣದಂತೆ ಕಾಣುತ್ತದೆ. ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ನೋಡಿ ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪಿನಷ್ಟು ಇಳಿಸಿ, ಕ್ಯಾಮೆರಾ ತಿದ್ದದ ರಾ ಫೈಲ್‌ನಲ್ಲೇ ತೆಗೆಯಿರಿ.

ನಮ್ಮ ಮಂಗಳೂರಿನಲ್ಲೂ ಸ್ವಿಸ್ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಅದನ್ನು ಕಟ್ಟಿದವರು ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್. ಕರಾವಳಿಯ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತ ಬಂದಿವೆ. ಅಲ್ಲಿ ಕ್ಯಾಮೆರಾ ಹಿಡಿಯುವವರು ಚಿಮಣಿಯನ್ನು ಆಮೇಲೆ ತೆಗೆಯಲಿ. ಮೊದಲು ಮಾಲೀಕರ ಅನುಮತಿ ಕೇಳಿ, ಕಮಾನು ಬಿರುಕು ಬಿಟ್ಟಿಲ್ಲವೆಂದು ನೋಡಿಕೊಂಡು ಗೂಡಿಗೆ ಇಳಿಯಲಿ. ಗೂಡಿನ ಪ್ರತಿ ಬಾಗಿಲಿಗೂ ಒಂದು ಅಂಕೆ ಕೊಟ್ಟು, ಪಕ್ಕದಲ್ಲಿ ಒಂದು ಮೀಟರ್ ಅಳತೆಪಟ್ಟಿ ನಿಲ್ಲಿಸಿ, ಸಾಲು ತಪ್ಪದೆ ತೆಗೆಯಲಿ.