ಪ್ರತಿವಿಷದ ಪಟ್ಟಿಯಲ್ಲಿ ಇಲ್ಲದ ಹಾವು

ಕಳೆದ ವರ್ಷದ ಆಟಿ ತಿಂಗಳಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಮ್ಮ ತೋಟದಲ್ಲಿ ಉದುರಿದ ಅಡಕೆ ಹಾಳೆಗಳನ್ನು ಒಟ್ಟುಮಾಡುತ್ತಿದ್ದ ಚಿಕ್ಕಪ್ಪನ ಬೆರಳಿಗೆ ಒಂದೂವರೆ ಗೇಣುದ್ದದ ಕಂದು ಹಾವೊಂದು ಕಡಿಯಿತು. ನೋಡಿದವರೆಲ್ಲ ಅದನ್ನು ಕನ್ನಡಿ ಹಾವಿನ, ಅಂದರೆ ಕೊಳಕುಮಂಡಲದ, ಮರಿಯೆಂದರು. ಕೆಲಸದವನು ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡ. ಹಗ್ಗ ಬಿಗಿಯದೆ, ಗಾಯ ಕೊಯ್ಯದೆ ನಲವತ್ತು ನಿಮಿಷದೊಳಗೆ ಪೇಟೆಯ ಆಸ್ಪತ್ರೆ ಸೇರಿದೆವು.

ಅಲ್ಲಿಯೂ ಕನ್ನಡಿ ಹಾವೆಂದೇ ನಂಬಿ ಹತ್ತು ವಯಲ್ ಪ್ರತಿವಿಷ ಕೊಟ್ಟು, ಆ ಬಳಿಕ ಮಂಗಳೂರಿಗೆ ಕಳುಹಿಸಿದರು. ಮಂಗಳೂರಿನಲ್ಲಿ ದಾದಿಯೊಬ್ಬರು ಒಣಗಿದ ಗಾಜಿನ ನಳಿಕೆಗೆ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ ಮೇಜಿನ ಮೇಲಿಟ್ಟು, ಇಪ್ಪತ್ತು ನಿಮಿಷ ಕಳೆದ ಮೇಲೆ ಓರೆಮಾಡಿದರು. ಹೆಪ್ಪುಗಟ್ಟಬೇಕಿದ್ದ ರಕ್ತ ನೀರಿನಂತೆ ನಳಿಕೆಯ ಅಂಚಿಗೆ ಹರಿಯಿತು. ಆರು ಗಂಟೆಗಳ ಬಳಿಕ, ಮತ್ತೆ ಹತ್ತು ವಯಲ್ ಕೊಟ್ಟ ಮೇಲೂ, ಅದೇ ಕಥೆ. ಆಗ ಹಿರಿಯ ವೈದ್ಯರು ಮೊಬೈಲಿನ ಚಿತ್ರವನ್ನು ಹಿಗ್ಗಿಸಿ ನೋಡಿ, ಮೇಲಕ್ಕೆ ಬಾಗಿದ ಮೂಗಿನ ತುದಿಯನ್ನು ತೋರಿಸಿ, ಇದು ಉಬ್ಬು ಮೂಗಿನ ಗುಳಿಮಂಡಲ, ಇನ್ನು ಪ್ರತಿವಿಷ ಬೇಡ ಎಂದರು.

ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳೆಂಬ ನಾಲ್ಕೇ ಹಾವುಗಳ ವಿಷದಿಂದ ತಯಾರಾಗುತ್ತದೆ. ಪಶ್ಚಿಮ ಘಟ್ಟದ ಮಗ್ಗುಲಿನ ತೋಟಗಳಲ್ಲಿ ತರಗೆಲೆಯ ಬಣ್ಣದಲ್ಲೇ ಬಿದ್ದಿರುವ ಈ ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಈ ಹಾವು ಕಡಿದು ಜೀವಾಪಾಯವಾದ ಪ್ರಕರಣಗಳನ್ನು ಕೇರಳದ ವೈದ್ಯರು 2007ರಲ್ಲೇ ವರದಿ ಮಾಡಿದ್ದರು. ಅದಕ್ಕೆ ಮೊದಲು ಇದನ್ನು ಗರಗಸಮಂಡಲವೆಂದು ತಪ್ಪಾಗಿ ಗುರುತಿಸುತ್ತಿದ್ದರಂತೆ. ಹಾಗಿರುವಾಗ ಪೇಟೆಯ ವೈದ್ಯರನ್ನು ನಾನು ದೂರಲಾರೆ. ಹಾವಿನ ಹೆಸರು ಹೇಳಿದವರು ನಾವೇ.

ಮೂರನೆಯ ದಿನ ಚಿಕ್ಕಪ್ಪನಿಗೆ ಮೂತ್ರ ಕಡಿಮೆಯಾಗಿ, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿ, ಡಯಾಲಿಸಿಸ್ ಆರಂಭವಾಯಿತು. ಆಸ್ಪತ್ರೆಯಲ್ಲಿ ಕಳೆದ ಹನ್ನೊಂದು ದಿನಗಳಲ್ಲಿ ಅಲ್ಲಿಗೆ ಬಂದ ಇತರ ಕಡಿತಗಳನ್ನೂ ನೋಡಿದೆ. ಹೆಚ್ಚಿನವು ಪಾದಕ್ಕೆ, ಸಂಜೆಯ ಬಳಿಕ, ತೋಟದಲ್ಲೋ ಅಂಗಳದಲ್ಲೋ ಆದವು. ನೆಲದ ಮೇಲೆ ಮಲಗಿದ್ದ ಹೆಂಗಸೊಬ್ಬರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆ ಎತ್ತಲಾಗದ ಸ್ಥಿತಿಯಲ್ಲಿ ಬಂದರು. ಮೈಮೇಲೆ ಕಡಿದ ಗುರುತೇ ಇರಲಿಲ್ಲ. ಕಟ್ಟುಹಾವಿನ ಕಡಿತ ಹಾಗೆಯೇ, ನೋವಿಲ್ಲ, ಬಾವಿಲ್ಲ. ವೆಂಟಿಲೇಟರಿನಲ್ಲಿದ್ದ ಅವರು ಆರನೆಯ ದಿನ ನಡೆದುಕೊಂಡೇ ಮನೆಗೆ ಹೋದರು. ಮೊದಲು ವಿಷವೈದ್ಯರಲ್ಲಿಗೆ ಹೋಗಿ ಐದು ಗಂಟೆ ಕಳೆದು ಬಂದ, ಕನ್ನಡಿ ಹಾವು ಕಡಿದ ಯುವಕ ಉಳಿಯಲಿಲ್ಲ. ವಿಷವಿಲ್ಲದ ಹಾವು ಕಡಿದಾಗಲೂ, ವಿಷದ ಹಾವು ವಿಷವಿಳಿಸದೆ ಕಡಿದಾಗಲೂ ಮಂತ್ರ ಫಲಿಸಿದಂತೆ ಕಾಣುತ್ತದೆ. ಹಾಗೆ ವಿಷವೈದ್ಯರಿಗೆ ಬಂದ ಹೆಸರೇ ಆ ಯುವಕನನ್ನು ಅಲ್ಲಿಗೆ ಎಳೆದಿತ್ತು.

ಗಡಿಯಾಚೆ ಕರ್ನಾಟಕವು 2024ರಲ್ಲಿ ಹಾವು ಕಡಿತದ ವರದಿಯನ್ನು ಕಡ್ಡಾಯಗೊಳಿಸಿತು. ಗಡಿ ದಾಟಿ ಮಂಗಳೂರಿಗೆ ಹೋಗುವ ನಮ್ಮಂಥವರ ಲೆಕ್ಕದಲ್ಲಿ ಹಾವಿನ ಹೆಸರೂ ಸರಿಯಾಗಿ ಸೇರಿದರೆ, ಐದನೆಯ ಹಾವಿಗೂ ಔಷಧಿ ಬೇಕೆಂದು ಕೇಳುವುದಕ್ಕೆ ಆಧಾರವಾದರೂ ಇರುತ್ತದೆ.

ಚಿಕ್ಕಪ್ಪನಿಗೆ ನಾಲ್ಕು ಡಯಾಲಿಸಿಸ್ ಸಾಕಾಯಿತು. ಈಗ ಹಾಳೆಯನ್ನು ಕೋಲಿನಿಂದ ಮಗುಚಿದ ಮೇಲೆಯೇ ಎತ್ತುತ್ತಾರೆ. ಕ್ರಿಯಾಟಿನಿನ್ 1.4ಕ್ಕೆ ಇಳಿದಿದೆ, ಮುಂದಿನ ತಪಾಸಣೆ ದೀಪಾವಳಿ ಕಳೆದ ಮೇಲೆ.